ಹಸಿರು ಚುಕ್ಕೆಯ ಸೂಪು

ಮದುವೆಯಾಗಿ ನಲವತ್ತೆರಡು ವರ್ಷ ತುಂಬಿದ ದಿನ ಅನಂತಪದ್ಮನಾಭ ಹೆಂಡತಿಯನ್ನು ಚಂದ್ರಮಹಲ್ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದರು. ಜಯನಗರದ ಅವರ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ೧೯೩೬ರಲ್ಲಿ ಕಟ್ಟಿದ ಹೋಟೆಲು ಅದು. ಇವರ ಮದುವೆಯಲ್ಲಿ ಗಂಡಿನ ಕಡೆಯವರಿಗೆ ಅಲ್ಲೇ ಮಹಡಿಯ ಮೇಲೆ ಆರು ರೂಮು ಹಿಡಿದಿದ್ದರು. ಗಂಡಿನ ಸೋದರಮಾವ ಕಾಫಿ ಆರಿಹೋಗಿದೆಯೆಂದು ಅಲ್ಲಿ ಮುನಿಸಿಕೊಂಡು ಕೂತದ್ದು ಇವತ್ತಿಗೂ ಮನೆಯಲ್ಲಿ ಹೇಳುವ ಕತೆ. ಆಮೇಲೆ ಹೋಟೆಲು ಮುಚ್ಚಿ, ಅಣ್ಣತಮ್ಮಂದಿರ ಜಗಳದಲ್ಲಿ ವರ್ಷಗಟ್ಟಲೆ ಧೂಳು ಹಿಡಿದು, ಕೊನೆಗೆ ಹೊಸ ಮಾಲೀಕರ ಕೈಗೆ ಬಂದಿತ್ತು. ಅವರು ತೇಗದ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿಗಳನ್ನು ಹಾಗೇ ಉಳಿಸಿಕೊಂಡು ಕೆಳಗಿನ ಹಜಾರದಲ್ಲಿ ಬ್ರಾಸರಿ ಎಂಬ ಫ್ರೆಂಚ್ ಮಾದರಿಯ ಊಟದ ಮನೆ ತೆರೆದಿದ್ದರು. ಗೋಡೆಯುದ್ದಕ್ಕೂ ಕನ್ನಡಿ, ಅಮೃತಶಿಲೆಯ ಮೇಜುಗಳು, ಮೊಣಕಾಲಿನ ಕೆಳಗಿಳಿಯುವ ಬಿಳಿ ಏಪ್ರನ್ ಕಟ್ಟಿಕೊಂಡ ವೇಟರುಗಳು.

ಕಾತ್ಯಾಯಿನಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಸಸ್ಯಶಾಸ್ತ್ರ ಕಲಿಸಿದವರು. ಬಿಸ್ಕೆಟ್ ಪೊಟ್ಟಣದ ಹಿಂಬದಿ ಓದದೆ ಬಾಯಿಗಿಡುತ್ತಿರಲಿಲ್ಲ. ಮೆನು ಕೈಗೆ ಬಂದಾಗ ಮೊದಲು ಹುಡುಕಿದ್ದು ಹಸಿರು ಚುಕ್ಕೆಯನ್ನು. ಈರುಳ್ಳಿ ಸೂಪಿನ ಪಕ್ಕ ಅದು ಅಚ್ಚಾಗಿತ್ತು. ಆದರೂ ಆರ್ಡರ್ ತೆಗೆದುಕೊಳ್ಳಲು ಬಂದ ಕ್ಯಾಪ್ಟನ್ ಪ್ರಮೋದನನ್ನು ಕೇಳಿದರು.

“ಇದ್ರಲ್ಲಿ ಮೊಟ್ಟೆ, ಮಾಂಸ ಏನೂ ಇಲ್ಲ ತಾನೆ?”

“ಪ್ಯೂರ್ ವೆಜ್ ಮೇಡಂ.”

“ಚೀಸು? ಕೆಲವು ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕ್ತಾರೆ.”

ಪ್ರಮೋದ ಒಳಗೆ ಹೋಗಿ ವಿಚಾರಿಸಿಕೊಂಡು ಬಂದ. “ಇಲ್ಲ ಮೇಡಂ, ನಮ್ದು ವೆಜ್ ಚೀಸೇ.”

ಸೂಪು ಮಣ್ಣಿನ ಬೋಗುಣಿಯಲ್ಲಿ ಬಂತು. ಮೇಲೆ ಕಂದುಗಟ್ಟಿ ಉಬ್ಬಿದ ಚೀಸು, ಅದರಡಿ ನೆನೆದ ಬ್ರೆಡ್ಡು, ಅದರಡಿ ಸಣ್ಣ ಉರಿಯಲ್ಲಿ ಹುರಿದು ಹುರಿದು ಬೆಲ್ಲದ ಬಣ್ಣಕ್ಕೆ ತಿರುಗಿದ ಈರುಳ್ಳಿ. ಮೊದಲ ಚಮಚಕ್ಕೆ ಅವರ ಕಣ್ಣು ಮುಚ್ಚಿತು. ಎರಡನೆಯದಕ್ಕೆ ಗಂಡನ ಕೈ ಹಿಡಿದು, “ರೀ, ಈರುಳ್ಳಿಗೆ ಇಂಥಾ ರುಚಿ ಇದೆ ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ” ಎಂದರು. ನಡುವೆ ಎದ್ದು ಕೈ ತೊಳೆದು ಬಂದು, ಬೋಗುಣಿಯ ತಳವನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದರು.

ಮುಂದಿನ ಎಂಟು ತಿಂಗಳಲ್ಲಿ ಇನ್ನೂ ಆರು ಸಲ ಹೋದರು. ಪ್ರತಿಸಲವೂ ಅದೇ ಸೂಪು, ಪ್ರತಿಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅನಂತಪದ್ಮನಾಭ ಮಾತ್ರ ಎರಡನೆಯ ಸಲದಿಂದ ಸಲಾಡ್ ತರಿಸಿಕೊಳ್ಳತೊಡಗಿದರು. ಸೂಪು ತಮಗೆ ಭಾರ ಎನ್ನುತ್ತಿದ್ದರು. ಕಾತ್ಯಾಯಿನಿ ಮನೆಯಲ್ಲೂ ಮಾಡಿ ನೋಡಿದರು. ಎರಡು ಗಂಟೆ ಒಲೆಯ ಮುಂದೆ ನಿಂತು ಈರುಳ್ಳಿ ಹುರಿದರೂ ಆ ರುಚಿ ಬರಲಿಲ್ಲ. “ಏನೋ ಒಂದು ಕಮ್ಮಿ ಆಗ್ತಿದೆ, ಏನೂಂತ ಗೊತ್ತಾಗ್ತಿಲ್ಲ” ಎಂದು ಗೊಣಗಿದರೆ, ಗಂಡ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಏಳನೆಯ ಸಲ ಹೋದದ್ದು ಅಕ್ಕ ಗೋವಿಂದಮ್ಮನ ಜೊತೆ. ಎಪ್ಪತ್ತಾರು ವರ್ಷದ ಗೋವಿಂದಮ್ಮ ವಸಂತಪುರದಲ್ಲಿ ಮಗಳ ಮನೆಯಲ್ಲಿದ್ದರು. ಮನೆಯಲ್ಲಿ ಈರುಳ್ಳಿ ತಿನ್ನುತ್ತಿದ್ದರೂ, ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷದಿಂದ ಹೊರಗೆ ಒಂದು ತುತ್ತು ತಿಂದವರಲ್ಲ. ಮದುವೆ ಮನೆಗೆ ಹೋದರೂ ಅಕ್ಷತೆ ಹಾಕಿ ಹೊರಟುಬಿಡುತ್ತಿದ್ದರು.

“ಬೇಡ್ವೇ ಕಾತಿ. ಯಾರ ಕೈಯೋ, ಯಾವ ಪಾತ್ರೆಯೋ.”

“ನಾನು ಪ್ರತಿಸಲ ಕೇಳಿ ತಿಳ್ಕೊಂಡಿದೀನಿ ಅಕ್ಕ. ನನ್ನ ಮೇಲೆ ಬಿಡು.”

ಗೋವಿಂದಮ್ಮ ಅಂಜುತ್ತ ಅಂಜುತ್ತ ಅರ್ಧ ಬೋಗುಣಿ ತಿಂದರು. ಹೊರಗೆ ಬಂದು ಪೋರ್ಟಿಕೋದಲ್ಲಿ ನಿಂತಾಗ, ಕದ್ದು ಉಪ್ಪಿನಕಾಯಿ ತಿಂದ ಹುಡುಗಿಯ ಹಾಗೆ ನಕ್ಕು, “ಚೆನ್ನಾಗಿತ್ತು ಕಣೇ” ಎಂದರು. ಅವತ್ತು ಅನಂತಪದ್ಮನಾಭ ಬಂದಿರಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಮನೆಯಲ್ಲೇ ಉಳಿದಿದ್ದರು.

ಇದಾಗಿ ಎರಡು ವಾರಕ್ಕೆ ಹೋಟೆಲಿನಿಂದ ಮೆಸೇಜು ಬಂತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಪದೇಪದೇ ಬರುವ ಗಿರಾಕಿಗಳಿಗಾಗಿ ಶೆಫ್ ರೇವಂತ್ ತಮ್ಮ ಹೆಸರಾಂತ ಈರುಳ್ಳಿ ಸೂಪನ್ನು ಎದುರಿಗೇ ಮಾಡಿ ತೋರಿಸುತ್ತಾರೆ ಎಂದು.

“ಬಿಸಿಲು ಜೋರಿದೆ, ಅದೆಲ್ಲ ಯಾಕೆ?” ಎಂದರು ಅನಂತಪದ್ಮನಾಭ.

“ಮನೇಲಿ ಏನು ಕಮ್ಮಿ ಆಗ್ತಿದೆ ಅಂತ ತಿಳ್ಕೋಬೇಕು. ನೀವು ಬರದಿದ್ರೆ ನಾನೊಬ್ಳೇ ಹೋಗ್ತೀನಿ.”

ಅವರು ಚಪ್ಪಲಿ ಮೆಟ್ಟಿಕೊಂಡರು.

ಹಜಾರದಲ್ಲಿ ಇಪ್ಪತ್ತು ಕುರ್ಚಿ ಹಾಕಿದ್ದರು. ಕಾತ್ಯಾಯಿನಿ ಮುಂದಿನ ಸಾಲಿನಲ್ಲಿ ನೋಟ್‌ಬುಕ್ ತೆರೆದು ಕೂತರು. ಶೆಫ್ ರೇವಂತ್ ಇನ್ನೂ ನಲವತ್ತು ದಾಟದ, ಕೆಲಸದ ಮೇಲೆ ಪ್ರೀತಿಯಿದ್ದ ಮನುಷ್ಯ. ಈರುಳ್ಳಿ ಹೆಚ್ಚುವ ಬಗೆ ತೋರಿಸಿದ, ಬೆಣ್ಣೆ ಕರಗಿಸಿದ. ಆಮೇಲೆ ಪಕ್ಕದ ದೊಡ್ಡ ಪಾತ್ರೆಯ ಮೇಲೆ ಕೈಯಿಟ್ಟು, “ಎಲ್ರೂ ಈರುಳ್ಳೀಲೇ ಗುಟ್ಟಿದೆ ಅಂದ್ಕೊಳ್ತಾರೆ. ಗುಟ್ಟಿರೋದು ಇಲ್ಲಿ. ಮೂಳೆಗಳನ್ನ ಮೊದಲು ಓವನ್‌ನಲ್ಲಿ ರೋಸ್ಟ್ ಮಾಡಿ, ಹನ್ನೆರಡು ಗಂಟೆ ಕುದಿಸ್ತೀವಿ” ಎಂದು ಮುಚ್ಚಳ ತೆಗೆದು, ಇಕ್ಕಳದಲ್ಲಿ ಒಂದು ಮೂಳೆಯನ್ನು ಎತ್ತಿ ತೋರಿಸಿದ. ಅದರ ತುದಿಯಿಂದ ಎಣ್ಣೆಯಂಥ ನೀರು ತೊಟ್ಟಿಕ್ಕಿತು.

ಕಾತ್ಯಾಯಿನಿಯ ಪೆನ್ನು ನಿಂತಿತು. ಎದ್ದು ನಿಂತರು.

“ವೆಜ್ ಸೂಪಿಗೆ ಬೇರೆ ನೀರು ಮಾಡ್ತೀರಾ?”

“ಇಲ್ಲ ಮೇಡಂ. ನಮ್ಮಲ್ಲಿ ಈರುಳ್ಳಿ ಸೂಪು ಇದೊಂದೇ.”

“ಎಂಟು ತಿಂಗಳಿಂದ ಇದೇನಾ?”

“ಓಪನ್ ಆದಾಗಿಂದ ಇದೇ ಮೇಡಂ.”

ಕಣ್ಣ ಮುಂದೆ ಬಂದದ್ದು ಪೋರ್ಟಿಕೋದಲ್ಲಿ ನಗುತ್ತ ನಿಂತ ಅಕ್ಕನ ಮುಖ. ಆಗ ಹೊತ್ತಿಕೊಂಡಿತು ಸಿಟ್ಟು.

“ಪ್ರಮೋದ್!” ಕಾಲೇಜಿನ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ದನಿ ಅದು. ಕಂಬದ ಪಕ್ಕ ನಿಂತಿದ್ದ ಪ್ರಮೋದ ಬೆಚ್ಚಿ ಹತ್ತಿರ ಬಂದ. “ನಾನು ಏಳು ಸಲ ಕೇಳಿದೀನಿ. ಏಳು ಸಲಾನೂ ನೀವು ಪ್ಯೂರ್ ವೆಜ್ ಅಂದಿದೀರಿ. ಯಾಕೆ?”

ಪ್ರಮೋದ ಕಾತ್ಯಾಯಿನಿಯನ್ನು ನೋಡಲಿಲ್ಲ, ಅನಂತಪದ್ಮನಾಭರನ್ನು ನೋಡಿದ. “ಮೇಡಂ, ಮೊದಲನೇ ದಿನ ನಂಗೂ ಗೊತ್ತಿರ್ಲಿಲ್ಲ. ಕಾರ್ಡ್ ನೋಡಿ ಹೇಳ್ದೆ. ನೀವು ಕೈ ತೊಳೆಯೋಕೆ ಹೋದಾಗ ಕಿಚನ್‌ನಲ್ಲಿ ಗೊತ್ತಾಯ್ತು. ಓಡಿ ಬಂದು ಸಾರ್‌ಗೆ ಹೇಳಿದೆ. ಸಾರ್... ಅವರಿಗೆ ಹೇಳ್ಬೇಡಿ, ಖುಷಿಯಾಗಿ ತಿಂತಿದಾರೆ ಅಂದ್ರು. ಆಮೇಲೆ ಬಂದಾಗೆಲ್ಲ ಕಣ್ಸನ್ನೆ ಮಾಡೋರು. ಕಳೆದ ಸಲ ಸಾರ್ ಇರ್ಲಿಲ್ಲ, ಆದ್ರೂ ಹಳೇ ಮಾತನ್ನೇ ಹೇಳ್ಬಿಟ್ಟೆ.”

ಕಾತ್ಯಾಯಿನಿ ಗಂಡನ ಕಡೆ ತಿರುಗಿದರು. ಅವರು ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು.

ಅಷ್ಟರಲ್ಲಿ ಮ್ಯಾನೇಜರ್ ನರೇಂದ್ರ ಧಾವಿಸಿ ಬಂದ. ನುಣುಪಾದ ಕೋಟು, ನುಣುಪಾದ ಮಾತು. “ಮೇಡಂ, ವೆರಿ ಸಾರಿ. ಇದು ಪ್ರಿಂಟಿಂಗ್ ಮಿಸ್ಟೇಕು. ಹಸಿರು ಚುಕ್ಕೆ ತಪ್ಪಿ ಬಂದ್ಬಿಟ್ಟಿದೆ. ಹೊಸ ಕಾರ್ಡ್ ಬರ್ತಾ ಇದೆ. ಈ ಕ್ಯಾಪ್ಟನ್ನ ಇವತ್ತೇ ಕೆಲಸದಿಂದ ತೆಗೀತೀವಿ.”

“ಚುಕ್ಕೆ ತಪ್ಪು ಅಂತ ನಿಮಗೆ ಯಾವಾಗ ಗೊತ್ತಾಯ್ತು?”

ಶೆಫ್ ರೇವಂತ್ ಇಕ್ಕಳ ಕೆಳಗಿಟ್ಟು ನರೇಂದ್ರನ ಕಡೆ ತಿರುಗಿ, “ನಾನು ಎರಡನೇ ವಾರದಲ್ಲೇ ಹೇಳಿದ್ದೆ ಸಾರ್” ಎಂದ.

“ಅಂದ್ರೆ ಗೊತ್ತಿದ್ದೂ ಎಂಟು ತಿಂಗಳು ಬಡಿಸಿದ್ರಿ! ಅವನನ್ನ ತೆಗೆದು ನೀವು ಪಾರಾಗ್ತೀರಾ? ಅವನು ಸುಳ್ಳು ಹೇಳಿದ, ಸರಿ. ಅಚ್ಚು ಹಾಕ್ಸಿ ಮೇಜಿನ ಮೇಲಿಟ್ಟಿದ್ದು ಯಾರು?”

“ಕೂತ್ಕೊಳ್ಳಿ ಮೇಡಂ, ಪ್ಲೀಸ್. ಇವತ್ತಿನ ಲಂಚು ನಮ್ಮ ಕಡೆಯಿಂದ...”

“ಲಂಚಾ?”

ಕಾತ್ಯಾಯಿನಿ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದರು. ನಿವೃತ್ತರಾಗಿ ಏಳು ವರ್ಷವಾದರೂ ಅದು ಬ್ಯಾಗಿನಲ್ಲೇ ಇರುತ್ತಿತ್ತು. ಹತ್ತಿರದ ಮೇಜಿನ ಮೆನು ಎಳೆದುಕೊಂಡು ಈರುಳ್ಳಿ ಸೂಪಿನ ಹಸಿರು ಚುಕ್ಕೆಯ ಮೇಲೆ, ಕಾಗದ ಹರಿಯುವಷ್ಟು ಒತ್ತಿ, ಕೆಂಪು ತುಂಬಿದರು. ಆಮೇಲೆ ಮುಂದಿನ ಮೇಜು. ಆಮೇಲೆ ಅದರ ಮುಂದಿನದು.

“ಮೇಡಂ, ಅದು ಹ್ಯಾಂಡ್‌ಮೇಡ್ ಪೇಪರು!”

“ಪೊಲೀಸರನ್ನ ಕರೀರಿ. ಅವರಿಗೂ ಒಂದು ಕಾರ್ಡ್ ಕೊಡ್ತೀನಿ.”

ಯಾರೂ ತಡೆಯಲಿಲ್ಲ. ಒಬ್ಬ ಹೆಂಗಸು ಎದ್ದು, ತನ್ನ ಗಂಡನಿಗೆ “ನಾವೂ ತಿಂದಿದೀವಿ ಕಣ್ರೀ, ಅಮ್ಮನ್ನೂ ಕರ್ಕೊಂಬಂದಿದ್ವಿ” ಎಂದಳು. ಕ್ಯಾಷ್ ಕೌಂಟರಿನ ಹಿಂದಿದ್ದ ಮೆನುಗಳ ಕಟ್ಟನ್ನು ಶೆಫ್ ರೇವಂತ್ ತಾನೇ ತಂದು ಕಾತ್ಯಾಯಿನಿಯ ಮುಂದಿಟ್ಟ. ಕೊನೆಯ ಕಾರ್ಡು ಮುಗಿಯುವ ಹೊತ್ತಿಗೆ ಅವರ ಬೆರಳು ಮರಗಟ್ಟಿದ್ದವು.

ಮನೆಯ ಬಾಗಿಲು ಹಾಕಿದ ಮೇಲೆ ಅನಂತಪದ್ಮನಾಭ ಶುರು ಮಾಡಿದರು.

“ನಿನ್ನ ಮುಖ ನೋಡ್ದೆ ಕಾತ್ಯಾಯಿನಿ. ನೀನು ಅಷ್ಟು ಖುಷಿಯಾಗಿ ತಿಂದಿದ್ದು ನಾನು ನೋಡೇ ಇರ್ಲಿಲ್ಲ. ಆಗ್ಲೇ ಅರ್ಧ ತಿಂದಾಗಿತ್ತು. ಹೇಳಿ ಏನು ಪ್ರಯೋಜನ ಅಂತ...”

“ಅದು ಮೊದಲನೇ ಸಲ. ಎರಡನೇ ಸಲ?”

“ಆಗ ಹೇಳಿದ್ರೆ ಮೊದಲನೇದೂ ಹೇಳ್ಬೇಕಾಗ್ತಿತ್ತು.”

“ಅದಕ್ಕೆ ನೀವು ಸಲಾಡ್ ತರಿಸ್ಕೊಂಡ್ರಿ.”

ಅವರು ಟೀಪಾಯಿಯ ಮೇಲಿನ ಪೇಪರಿಗೆ ಕೈ ಚಾಚಿದರು.

“ಸೂಪು ಭಾರ ಅಂದ್ರಲ್ಲ. ನಿಮ್ಮ ಬಾಯಿ ಕಾಪಾಡ್ಕೊಂಡ್ರಿ. ನನ್ನ ಬಾಯಿಗೆ ಹೋಗೋದನ್ನ ಎದುರಿಗೆ ಕೂತು ನೋಡಿದ್ರಿ. ಸೊಪ್ಪು ಜಗೀತಾ ನೋಡಿದ್ರಿ!” ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದರು. “ಯಾರು ಏನು ಬೇಕಾದ್ರೂ ತಿನ್ಲಿ, ನನಗೇನೂ ಇಲ್ಲ. ನನ್ನ ವಿದ್ಯಾರ್ಥಿಗಳು ನನ್ನ ಪಕ್ಕದಲ್ಲೇ ಕೂತು ಕೋಳಿ ತಿಂದಿದಾರೆ. ನಾನು ಏನು ತಿನ್ನಲ್ಲ ಅನ್ನೋದು ನನ್ನದು. ಅದನ್ನ ನೀವು ತೀರ್ಮಾನ ಮಾಡಿದ್ರಿ. ಅಕ್ಕ ಹೊರಟಾಗಲಾದ್ರೂ ತಡೀಬಾರ್ದಿತ್ತಾ? ಹೊಟ್ಟೆ ನೋವು ಅಂತ ಮಲಗಿದ್ರಿ.”

“ಗೊತ್ತಿಲ್ದೆ ತಿಂದಿದ್ದಕ್ಕೆ ದೋಷ ಇಲ್ಲ. ಅತ್ತಿಗೆಗೆ ದಯವಿಟ್ಟು ಹೇಳ್ಬೇಡ. ವಯಸ್ಸಾಗಿದೆ, ತಡ್ಕೊಳ್ಳಲ್ಲ.”

“ನೀವು ನನಗೆ ಮಾಡಿದ್ದನ್ನ ನಾನು ಅವಳಿಗೆ ಮಾಡ್ಬೇಕಾ?”

ಮಧ್ಯಾಹ್ನವೇ ವಸಂತಪುರಕ್ಕೆ ಹೋದರು. ಗೋವಿಂದಮ್ಮ ಜಗುಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಕಾತ್ಯಾಯಿನಿ ಕೂರದೆ, ನಿಂತೇ ಎಲ್ಲವನ್ನೂ ಹೇಳಿದರು: ಮೂಳೆ, ಚುಕ್ಕೆ, ಗಂಡನಿಗೆ ಗೊತ್ತಿದ್ದದ್ದು. ಹತ್ತಿ ಹಿಡಿದ ಕೈ ನಿಂತಿತು.

ಗೋವಿಂದಮ್ಮ ಹತ್ತಿಯನ್ನು ಪಕ್ಕಕ್ಕಿಟ್ಟು ಕೇಳಿದರು. “ನಿಂಗೆ ಗೊತ್ತಿರ್ಲಿಲ್ವಾ?”

“ಇಲ್ಲ ಅಕ್ಕ.”

“ಮೂವತ್ತು ವರ್ಷ ಕಣೇ. ಯಾರು ಕರೆದ್ರೂ ಎಲೆ ಮುಂದೆ ಕೂತವಳಲ್ಲ. ನನ್ನ ಮೇಲೆ ಬಿಡು ಅಂದೆ ನೀನು, ಬಿಟ್ಟೆ.” ದನಿ ಏರಲಿಲ್ಲ, ಏರಿದ್ದರೆ ಕಾತ್ಯಾಯಿನಿಗೆ ಹಗುರಾಗುತ್ತಿತ್ತು. “ನಿನ್ನ ಮೇಲೆ ಸಿಟ್ಟು ಬಂದಿದೆ. ತುಂಬಾ ಬಂದಿದೆ. ಹೇಳದೆ ಇದ್ದಿದ್ರೆ ಬರ್ತಿರ್ಲಿಲ್ಲ, ಅದೂ ಗೊತ್ತು. ಈಗ ಹೋಗು. ನಾನಾಗಿ ಕರೆಯೋವರ್ಗೂ ಬರ್ಬೇಡ.”

ಕಾತ್ಯಾಯಿನಿ ಹೋಟೆಲಿನ ಮಾಲೀಕರಿಗೆ ನಾಲ್ಕು ಪುಟದ ಪತ್ರ ಬರೆದರು. ಪ್ರಮೋದನನ್ನು ತೆಗೆದರೆ ಗ್ರಾಹಕರ ನ್ಯಾಯಾಲಯದಲ್ಲಿ ಮೊದಲ ಸಾಕ್ಷಿ ಅವನೇ ಆಗುತ್ತಾನೆ ಎಂದೂ ಅದರಲ್ಲಿತ್ತು. ಹತ್ತು ದಿನದಲ್ಲಿ ಹೊಸ ಮೆನುವಿನ ಪ್ರತಿ ಮನೆಗೆ ಬಂತು. ಸೂಪಿನ ಹೆಸರಿನ ಕೆಳಗೆ, ಮೂಳೆಯ ಸಾರಿನಲ್ಲಿ ಮಾಡಿದ್ದು ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿತ್ತು. ಅದನ್ನು ಒಮ್ಮೆ ಓದಿ, ರದ್ದಿ ಪೇಪರಿನ ಜೊತೆ ಹಾಕಿದರು. ಸಿಟ್ಟು ಇಳಿಯಲಿಲ್ಲ.

ಮನೆಯಲ್ಲಿ ಅಡುಗೆ ಎಂದಿನಂತೆ ಆಗುತ್ತಿತ್ತು. ಗಂಡನಿಗೆ ಬಡಿಸುತ್ತಿದ್ದರು, ಜೊತೆಗೆ ಕೂತು ಊಟ ಮಾಡುತ್ತಿರಲಿಲ್ಲ. ಅನಂತಪದ್ಮನಾಭ ಒಂದು ದಿನ ತಟ್ಟೆಯ ಮುಂದೆ ಕೂತು, “ನಾನು ಹೆದರ್ಕೊಂಡೆ. ನಿನ್ನ ಸಿಟ್ಟಿಗೆ ಹೆದರ್ಕೊಂಡೆ. ಅಷ್ಟೇ ನಿಜ” ಎಂದರು. ಎಂಟು ತಿಂಗಳಲ್ಲಿ ಅವರಾಡಿದ ಮೊದಲ ನೆಟ್ಟಗಿನ ಮಾತು ಅದು ಎಂದು ಕಾತ್ಯಾಯಿನಿಗೆ ಅನ್ನಿಸಿತು. ಆದರೂ ಸಾರಿನ ಸೌಟು ಕೆಳಗಿಟ್ಟು ಒಳಗೆ ಹೋದರು.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಫೋನು ಬಂತು. ಗೋವಿಂದಮ್ಮ.

“ಭಾನುವಾರ ಬಾ. ಹುಳಿಯನ್ನ ಮಾಡ್ತೀನಿ. ಸಿಟ್ಟು ಹೋಗಿಲ್ಲ, ಆದ್ರೂ ಬಾ.”

“ಬರ್ತೀನಿ ಅಕ್ಕ.”

“ಒಬ್ಳೇ ಬಾ.”

ಫೋನಿಡುವಾಗ ಅನಂತಪದ್ಮನಾಭ ಬಾಗಿಲಲ್ಲಿ ನಿಂತಿದ್ದರು. “ಅತ್ತಿಗೆನಾ? ನಾನೂ ಬಂದು ಕಾಲಿಗೆ ಬಿದ್ದು ಕ್ಷಮೆ ಕೇಳ್ಲಾ?”

ಕಾತ್ಯಾಯಿನಿ ಅವರ ಮುಖವನ್ನು, ಎಷ್ಟೋ ದಿನದ ಮೇಲೆ, ನೇರವಾಗಿ ನೋಡಿದರು.

“ಅವಳು ಕರೆದಾಗ ಹೋಗಿ ಕೇಳಿ. ಈ ಭಾನುವಾರ ನೀವು ಮನೇಲಿರಿ.”