ಬಾಯೊಳಗಿನ ಪ್ಲಗ್ಗು

“ಥೂ, ನಿಮ್ ಬಲೆಗೆ ಬೆಂಕಿ ಬೀಳ! ನೋಡ್ಲಾ ದ್ಯಾವ, ಫ್ಯಾನಿಗೆಲ್ಲಾ ಸುತ್ಕಂಡದೆ. ಇಳಿಯೋ ನೀರ್ಗೆ, ಬೋಳಿಮಗನೆ!”

ಬೈಯುತ್ತಿದ್ದವರು ನಂಜಪ್ಪನವರು, ಬೈಸಿಕೊಳ್ಳುತ್ತಿದ್ದವನು ನನ್ನ ಗಂಡ ದ್ಯಾವ. ಗೊರೂರು ಹಿನ್ನೀರಿನ ಮೀನನ್ನು ಹರಾಜಿನಲ್ಲಿ ಹಿಡಿದ ಮೇಲೆ ನೀರೂ ತಮ್ಮಪ್ಪನ ಮನೆಯದೆಂದುಕೊಂಡಿದ್ದರು. ನಮ್ಮಂಥವರ ಬಲೆ ಕಂಡರೆ ಮೋಟಾರು ದೋಣಿಯನ್ನು ಅದರ ಮೇಲೇ ಓಡಿಸಿ ಹರಿದುಹಾಕುವುದು ಅವರ ಪದ್ಧತಿ. ಅವತ್ತು ದೋಣಿ ನಡೆಸುವ ಆಳು ಬಂದಿರಲಿಲ್ಲ, ತಾವೇ ಓಡಿಸಿದರು. ನಮ್ಮ ಬಲೆ ಹರಿಯಲಿಲ್ಲ. ನೀರೊಳಗೆ ತಿರುಗುವ ಫ್ಯಾನಿಗೆ ಸುತ್ತಿಕೊಂಡು ಮೋಟಾರನ್ನೇ ನಿಲ್ಲಿಸಿಬಿಟ್ಟಿತು.

ಗಾಳಿ ದೋಣಿಯನ್ನು ಅಣೆಕಟ್ಟೆಯ ಕಡೆ ತಳ್ಳುತ್ತಿತ್ತು. ಗೇಟು ತೆರೆದಿದ್ದರು. ನೀರು ಬೀಳುವ ಸದ್ದು ಕೇಳುತ್ತಿತ್ತು. ನಾವು ಓಡಬಾರದೆಂದು ನಮ್ಮ ತೆಪ್ಪದ ಹಗ್ಗವನ್ನು ಅವರು ದೋಣಿಗೆ ಬಿಗಿದಿದ್ದರು.

“ಬುದ್ದಿ, ತೆಪ್ಪ ಹತ್ಬುಡಿ. ದಡ ಮುಟ್ಟುಸ್ತೀವಿ,” ಎಂದೆ.

“ನೀವು ಕುಂಡಿ ಊರಿದ್ ತೆಪ್ಪದಾಗೆ ನಾನು ಕೂರ್ಬೇಕೇನೇ? ಮುಚ್ಕಂಡು ರಿಪೇರಿ ಮಾಡ್ಸು!”

“ಮಾಡ್ಕೊಡ್ತೀವಿ. ಇನ್ಮ್ಯಾಕೆ ನಮ್ ಬಲೆ ಮುಟ್ಟಾಕಿಲ್ಲ ಅಂತ ಆಣೆ ಮಾಡಿ, ಬುದ್ದಿ.”

ನಮ್ಮಲ್ಲಿ ಆಣೆಯೆಂದರೆ ನಡುನೀರಿನಲ್ಲಿ ಬೊಗಸೆ ತುಂಬ ನೀರು ಹಿಡಿದು ಆಡುವ ಮಾತು. ಅದನ್ನು ಮುರಿದವನನ್ನು ಹೊಳೆ ಬಿಡುವುದಿಲ್ಲ.

“ಮಾಡ್ತೀನಿ ಕಣೇ, ಮೊದ್ಲು ಇಳೀಲಿ ಅವ್ನು!”

ನನ್ನ ಗಂಡ ದೋಣಿಗೆ ದಾಟಿದ. ಮೋಟಾರನ್ನು ಮೇಲೆತ್ತಲು ನೋಡಿದ. ಕೀಲು ತುಕ್ಕು ಹಿಡಿದಿತ್ತು, ಅಲ್ಲಾಡಲಿಲ್ಲ. ಮುಚ್ಚಳ ತೆಗೆದು, ಮೋಟಾರಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿ ಕೆನ್ನೆಯೊಳಗೆ ಇಟ್ಟುಕೊಂಡ. ನಂಜಪ್ಪನವರ ಕಣ್ಣು ಗೇಟಿನ ಕಡೆ ಇತ್ತು. ಅವನು ಚೂರಿ ಹಿಡಿದು ಮುಳುಗಿದ.

ನಮ್ಮ ಬಲೆಯನ್ನು ನಾವೇ ಕುಯ್ಯಬೇಕಾಯಿತು. ತುಂಡುಗಳು ಒಂದೊಂದೇ ತೇಲಿಬಂದವು. ಸದ್ದು ಹತ್ತಿರವಾಗುತ್ತಿತ್ತು. ಅವನು ಇನ್ನೂ ಕೆಳಗಿದ್ದಾಗಲೇ ನಂಜಪ್ಪನವರು ಎದ್ದು ಮೋಟಾರು ಶುರು ಮಾಡುವ ಹಗ್ಗವನ್ನು ಜಗ್ಗಿದರು.

“ಅಯ್ಯೋ, ಕೈ ಅದ್ರಾಗೈತೆ!” ಎಂದು ಕಿರುಚಿಕೊಂಡೆ.

ಇನ್ನೊಮ್ಮೆ ಜಗ್ಗಿದರು. ಮೋಟಾರು ಉಸಿರೆತ್ತಲಿಲ್ಲ. ಆಗ ನನಗೆ ಕೆನ್ನೆಯೊಳಗಿನ ಪ್ಲಗ್ಗು ನೆನಪಾಗಿ ಅಳು ಬಂತು.

ಅವನು ಮೇಲೆ ಬಂದ. ಚೂರಿ ಕೈಜಾರಿ ಮುಳುಗಿತ್ತು, ಬೆರಳಿನಿಂದ ರಕ್ತ ಸೋರುತ್ತಿತ್ತು. ಫ್ಯಾನನ್ನು ಹಿಡಿದಿಡುವ ಪಿನ್ನು ತುಂಡಾಗಿದೆಯೆಂದು ಸನ್ನೆ ಮಾಡಿದ. ಹುಟ್ಟಿಗೆ ಹೊಡೆದಿದ್ದ ಮೊಳೆಯನ್ನು ಕಿತ್ತುಕೊಟ್ಟೆ. ಮತ್ತೆ ಮುಳುಗಿ, ಪಿನ್ನಿನ ಜಾಗಕ್ಕೆ ಅದನ್ನು ಕೂರಿಸಿ ಬಂದ.

“ಆಯ್ತೇನ್ಲಾ? ಶುರು ಮಾಡು. ಇನ್ನೂ ಆ ಕಡೆ ನಿಮ್ಮೋರ ಬಲೆ ಅವೆ, ಒಂದೂ ಬುಡಾಕಿಲ್ಲ ಇವತ್ತು.”

ನನ್ನ ಗಂಡ ದೋಣಿ ಹತ್ತಲಿಲ್ಲ. ತೆಪ್ಪದ ಅಂಚು ಹಿಡಿದು ನನ್ನ ಅಂಗೈಗೆ ಪ್ಲಗ್ಗನ್ನು ಉಗುಳಿದ. “ನನ್ ಕೈಲಾಗಾಕಿಲ್ಲ. ನೀನೇ ಕೇಳಮ್ಮಿ,” ಎಂದ.

ನಾನು ಮುಷ್ಟಿ ಬಿಗಿದೆ.

“ಕೊಡೇ ಅದನ್ನ!”

“ಆಣೆ, ಬುದ್ದಿ.”

“ಹೊಲೆಯ ಮುಳುಗೆದ್ದ ನೀರು, ಅದನ್ನ ನಾನು ಕೈಯಾಗೆ ಇಡೀಬೇಕೇನೇ ಮುಂಡೆ?”

ಗೇಟಿನ ತುಂತುರು ಮುಖಕ್ಕೆ ಬಡಿಯತೊಡಗಿತು. ನಾವೂ ಅದೇ ಹಗ್ಗಕ್ಕೆ ಸಿಕ್ಕಿಬಿದ್ದವರೇ, ದೋಣಿ ಹೋದರೆ ತೆಪ್ಪವೂ ಹೋಗುತ್ತಿತ್ತು. ಮುಷ್ಟಿಯನ್ನು ನೀರಿನ ಮೇಲೆ ಚಾಚಿ ಹಿಡಿದೆ.

“ನೀರು ಇಡಿಯೋ, ನಂಜಪ್ಪ.”