ಎರಡೂ ಗೆರೆ ಏರಿದ ಜಿಲ್ಲೆ

ವಾರಗಿತ್ತಿಯರ ನಡುವೆ ಹೊಟ್ಟೆಕಿಚ್ಚು ಇರುವುದು ಹೊಸದೇನಲ್ಲ. ಆದರೆ ಈ ಮನೆಯ ಹೊಟ್ಟೆಕಿಚ್ಚು ಅಡುಗೆಮನೆ ದಾಟಿ, ಮೆಟ್ಟಿಲಿಳಿದು, ಬಸ್ಸು ಹತ್ತಿ, ದೇಶದ ಅಂಕಿಅಂಶದೊಳಗೆ ಹೋಗಿ ಕುಳಿತುಕೊಂಡಿತು. ಅದು ಸ್ವಲ್ಪ ಹೊಸದೇ.

ದೊಡ್ಡ ಸೊಸೆ ಅಂಕಿಅಂಶ ಇಲಾಖೆಯ ಅಧಿಕಾರಿ. ದೇಶದಲ್ಲಿ ಎಷ್ಟು ಹೆಂಗಸರು ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಬಂದರು, ಎಷ್ಟು ಜನ ಅದೇ ಕಾಯಿಲೆಯಿಂದ ತೀರಿಕೊಂಡರು ಎಂಬ ವಾರ್ಷಿಕ ವರದಿ ಅವಳ ಮೇಜಿನಿಂದಲೇ ಹೊರಡಬೇಕು. ಚಿಕ್ಕ ಸೊಸೆ, ಅಂದರೆ ಮೈದುನನ ಹೆಂಡತಿ, ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಲಾಂಡ್ರಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಹೆಂಗಸರನ್ನು ಮಲಗಿಸಿ, ಸಣ್ಣ ಬ್ರಷ್ಷಿನಿಂದ ಗರ್ಭಕಂಠದ ಮಾದರಿ ತೆಗೆದು ಲ್ಯಾಬಿಗೆ ಕಳಿಸುವುದು ಅವಳ ಕೆಲಸ. ಒಬ್ಬಳು ಎಣಿಸುವವಳು, ಇನ್ನೊಬ್ಬಳು ಎಣಿಕೆಗೆ ಜನ ತರುವವಳು. ಹೊಂದಿಕೊಂಡು ಹೋಗಬೇಕಿತ್ತು, ನಿಜ. ಆದರೆ ಹೊಗಳಿಕೆಯೆಲ್ಲ ಒಬ್ಬಳ ಪಾಲಿಗೇ ಹೋದರೆ ಇನ್ನೊಬ್ಬಳ ಹೊಟ್ಟೆ ಉರಿಯದೆ ಏನು ಮಾಡೀತು?

ಬಾಗಿಲು ತಟ್ಟಿದವರೆಲ್ಲ "ಚಿಕ್ಕಮ್ಮಾವ್ರು ಇದಾರಾ?" ಎಂದೇ ಕೇಳುತ್ತಿದ್ದರು. ಅತ್ತೆಯಂತೂ ನೆಂಟರು ಬಂದರೆ ಸಾಕು, "ನಮ್ಮ ಚಿಕ್ಕವಳು ಎಷ್ಟೋ ಜನರ ಜೀವ ಉಳಿಸಿದಾಳೆ ಕಣ್ರೀ" ಎಂದು ಶುರುಮಾಡುತ್ತಿದ್ದರು. ಮತ್ತೆ ದೊಡ್ಡವಳು? "ಅವಳಾ? ಆಫೀಸಿಗೆ ಹೋಗ್ತಾಳೆ." ಅಷ್ಟೇ. ಎರಡು ಪದವಿ, ಇಷ್ಟು ವರ್ಷದ ಸರ್ವೀಸು, ಎಲ್ಲ ಸೇರಿ ಆಫೀಸಿಗೆ ಹೋಗ್ತಾಳೆ!

ಚಿಕ್ಕವಳು ಬೇರೆ, ಸಿಕ್ಕಾಗಲೆಲ್ಲ, "ಅಕ್ಕಾ, ಒಂದಿನ ಬಂದ್ಹೋಗಿ. ಒಂದು ಗಳಿಗೆ ಕೆಲಸ" ಎನ್ನುತ್ತಿದ್ದಳು. ದೊಡ್ಡವಳಿಗೆ ಒಂದು ದಿನ ಮೀಟಿಂಗು, ಇನ್ನೊಂದು ದಿನ ತಲೆನೋವು. ಇವಳ ಮುಂದೆ ಹೋಗಿ ಮೊಣಕಾಲು ಮಡಚಿ ಮಲಗುವುದೇ? ಪ್ರಾಣ ಹೋದರೂ ಇಲ್ಲ ಎಂದುಕೊಳ್ಳುತ್ತಿದ್ದಳು. ಹಾಗೆ ತಪಾಸಣೆಗೆ ಹೋಗದವರಲ್ಲಿ ಪ್ರಾಣ ಹೋಗುವುದು ಎಷ್ಟು ಜನರದ್ದು ಎಂದು ದೇಶದಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ.

ಈ ವರ್ಷದ ಅಂಕಿಗಳು ಬಂದವು. ತಪಾಸಣೆಯಲ್ಲಿ ಇಡೀ ದೇಶಕ್ಕೇ ಮೊದಲು ಯಾವ ಜಿಲ್ಲೆ? ಇವರದೇ! ದೇಶದಲ್ಲಿ ಹತ್ತಕ್ಕೆ ಮೂವರು ಹೆಂಗಸರು ಬಂದಿದ್ದರೆ ಇಲ್ಲಿ ಏಳು ಜನ. ನಕ್ಷೆಯ ಗೆರೆ ಏಣಿ ಹಾಕಿದ ಹಾಗೆ ನೆಟ್ಟಗೆ ಮೇಲೇರಿತ್ತು. ಇನ್ನು ಇದನ್ನು ತನ್ನ ಕೈಯಾರೆ ಬರೆದು, ಚಿಕ್ಕವಳ ಕೊರಳಿಗೆ ತಾನೇ ಹಾರ ಹಾಕಬೇಕು. ದೊಡ್ಡವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಆಮೇಲೆ ಎರಡನೆಯ ಗೆರೆ ಕಣ್ಣಿಗೆ ಬಿತ್ತು. ಇದೇ ಜಿಲ್ಲೆಯಲ್ಲಿ ಈ ಕಾಯಿಲೆಯ ಸಾವುಗಳೂ ಏರಿದ್ದವು. ಅಷ್ಟೂ ದಿನದಲ್ಲಿ ಮೊದಲ ಬಾರಿಗೆ ಅವಳ ಹೊಟ್ಟೆ ತಣ್ಣಗಾಯಿತು. ಸತ್ತವರನ್ನು ಕಂಡು ಹಿಗ್ಗುವ ಹೆಂಗಸಲ್ಲ ಅವಳು. ಆದರೂ ಆ ಗಳಿಗೆಯಲ್ಲಿ ಹಿಗ್ಗಿದಳು.

ಸಾವು ಏರಿದ್ದೇಕೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಉಳಿದೆಡೆ ಡಾಕ್ಟರುಗಳು ಮರಣ ಪ್ರಮಾಣಪತ್ರದಲ್ಲಿ "ಗರ್ಭಕೋಶದ ಕ್ಯಾನ್ಸರ್" ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ಯಾವ ಭಾಗ ಎಂದು ಬರೆಯದ ಆ ಸಾವುಗಳು ಬೇರೆಯೇ ಲೆಕ್ಕಕ್ಕೆ ಸೇರುತ್ತವೆ. ಈ ಜಿಲ್ಲೆಯಲ್ಲಿ ಮಾತ್ರ ಇತ್ತೀಚೆಗೆ ಭಾಗವನ್ನು ಸರಿಯಾಗಿ ಬರೆಯತೊಡಗಿದ್ದರು. ಹೆಚ್ಚಿದ್ದು ಸಾವಲ್ಲ, ಸರಿಯಾಗಿ ಬರೆದ ಸಾವು. ಅಲ್ಲದೆ ಇಂದಿನ ತಪಾಸಣೆಯ ಫಲ ಸಾವಿನ ಗೆರೆಯಲ್ಲಿ ಕಾಣಲು ವರ್ಷಗಳೇ ಬೇಕು. ಪ್ರತಿ ವರ್ಷವೂ ಇಂಥದ್ದಕ್ಕೆ ಕೆಳಗೊಂದು ಟಿಪ್ಪಣಿ ಬರೆಯುತ್ತಿದ್ದವಳೇ ಅವಳು. ಈ ವರ್ಷ ಬರೆಯಲಿಲ್ಲ. ಬರೆದದ್ದು ಇಷ್ಟೇ: "ಈ ಜಿಲ್ಲೆಯಲ್ಲಿ ತಪಾಸಣೆ ಗಣನೀಯವಾಗಿ ಹೆಚ್ಚಿದ್ದರೂ ಮರಣ ಪ್ರಮಾಣ ಇಳಿದಿಲ್ಲ, ಬದಲಿಗೆ ಏರಿದೆ." ಒಂದು ಅಕ್ಷರವೂ ತಪ್ಪಿರಲಿಲ್ಲ. ಬೆನ್ನಿಗೆ ಚೂರಿ ಹಾಕುವುದಕ್ಕೂ ವಿದ್ಯೆ ಬೇಕು.

ಕರಡು ಓದಿದ ಇಲಾಖೆಯ ನಿರ್ದೇಶಕರು "ಭಲೇ, ಇದು ಹೊಸ ವಿಷಯ" ಎಂದು ತಲೆದೂಗಿದರು. ಕರಡು ಆಸ್ಪತ್ರೆಗೂ ಹೋಯಿತು.

ಒಂದು ಸಂಜೆ ದೊಡ್ಡವಳು ಮನೆಗೆ ಬಂದಾಗ ಚಿಕ್ಕವಳು ಯೂನಿಫಾರ್ಮಿನಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದಳು. ಅತ್ತೆ ಒಲೆಯ ಪಕ್ಕ ನಿಂತಿದ್ದರು.

"ಸೋಮವಾರದಿಂದ ನನ್ನ ಕೋಣೆ ಮುಚ್ತಾರಂತೆ ಅಕ್ಕಾ. ನನ್ನನ್ನ ಜ್ವರದ ವಾರ್ಡಿಗೆ ಹಾಕಿದಾರೆ. ಏನೂ ಪ್ರಯೋಜನ ಆಗಿಲ್ವಂತಲ್ಲ."

"ದೊಡ್ಡವಳೇ ಬರೆದಿದಾಳೆ ಅಂದ್ಮೇಲೆ ಸರಿಯಾಗೇ ಇರುತ್ತೆ ಬಿಡು" ಎಂದರು ಅತ್ತೆ. "ಅವಳಷ್ಟು ತಿಳಿದೋರು ಈ ಮನೇಲಿ ಯಾರಿದಾರೆ?"

ಈ ಮಾತಿಗಾಗಿ ದೊಡ್ಡವಳು ಎಷ್ಟು ವರ್ಷ ಕಾದಿದ್ದಳು! ಈಗ ಬಂದಾಗ ಅದು ರುಚಿಸಲಿಲ್ಲ. ಅವಳು ನೀರು ಕುಡಿದಳು.

"ಡಾಕ್ಟರುಗಳು ಭಾಗ ಬರೆಯಲ್ಲ, ನಿಮ್ಮ ಲೆಕ್ಕ ಹಾಳಾಗುತ್ತೆ ಅಂತ ನೀವೇ ಒಂದ್ಸಲ ಬೇಜಾರು ಮಾಡ್ಕೊಂಡಿದ್ರಲ್ಲ ಅಕ್ಕಾ" ಎಂದಳು ಚಿಕ್ಕವಳು. "ಒಬ್ಬೊಬ್ಬರ ಬೆನ್ನು ಬಿದ್ದು ಸರಿಯಾಗಿ ಬರೆಸಿದೆ. ನಿಮಗೆ ಅನುಕೂಲ ಆಗ್ಲಿ ಅಂತ. ಈಗ ನೋಡಿದ್ರೆ ನಿಜಾನೇ ಹೊರಗೆ ಬಂತು."

ದೊಡ್ಡವಳು ಲೋಟ ಕೆಳಗಿಟ್ಟಳು. ಚಿಕ್ಕವಳ ಮಾತಿನಲ್ಲಿ ಕೊಂಕು ಇದೆಯೇ ಎಂದು ಮುಖ ನೋಡಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

"ನೀವು ನನ್ನ ಹತ್ರ ಬರದೇ ಇದ್ದಿದ್ದೂ ಅದಕ್ಕೇ ಅಲ್ವಾ? ಇದರಿಂದ ಉಪಯೋಗ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಹೇಳಿದ್ರೆ ನನಗೆ ನೋವಾಗುತ್ತೆ ಅಂತ ಸುಮ್ಮನಿದ್ರಿ. ಕೆಳಗಿನ ಮನೆಯವರನ್ನ ಆರು ತಿಂಗಳಿಂದ ಗೋಗರೆದು ಒಪ್ಪಿಸಿದ್ದೆ, ನಾಳೆ ಬರೋರಿದ್ರು. ಈಗ್ತಾನೇ ಬೇಡ ಅಂತ ಹೇಳಿ ಬಂದೆ. ಪಾಪ, ಎಷ್ಟು ಖುಷಿಪಟ್ರು."

"ಬೇಡ ಅನ್ನೋಕೆ ಯಾರೇ ಹೇಳಿದ್ದು ನಿನಗೆ!"

"ನೀವೇ ಅಲ್ವಾ ಅಕ್ಕಾ."

ಕೆಳಗಿನ ಮನೆಯಾಕೆ ಒಮ್ಮೆಯೂ ತಪಾಸಣೆ ಮಾಡಿಸಿಕೊಂಡವಳಲ್ಲ. ಅಂಥವರ ಸಾಲು ದೊಡ್ಡವಳ ವರದಿಯಲ್ಲಿ ಪ್ರತ್ಯೇಕವಾಗಿ ಇತ್ತು, ಸಾವುಗಳಲ್ಲಿ ಹೆಚ್ಚಿನವು ಅದೇ ಸಾಲಿನಲ್ಲಿದ್ದವು. ಇಷ್ಟು ವರ್ಷ ಆ ಸಾಲಿಗೆ ಮುಖವಿರಲಿಲ್ಲ. ಈಗ ಅದು ಬೆಳಿಗ್ಗೆ ಗೇಟಿನ ಬಳಿ "ಆಫೀಸಿಗಾ?" ಎಂದು ಕೇಳುವ ಮುಖವಾಯಿತು.

"ನನಗೆ ಏನೂ ಗೊತ್ತಿರ್ಲಿಲ್ಲ ಕಣೇ" ಎಂದಳು ದೊಡ್ಡವಳು. "ಅಲ್ಲ, ಎಲ್ಲಾ ಗೊತ್ತಿತ್ತು. ನಿನ್ನ ಕೆಲಸದಲ್ಲಿ ಏನೂ ಕೊರತೆ ಇಲ್ಲ. ನನಗೆ ನಿನ್ನ ಕಂಡ್ರೆ ಆಗಲ್ಲ. ಎಲ್ಲರೂ ನಿನ್ನನ್ನೇ ಹೊಗಳ್ತಾರೆ, ನನಗೆ ಮೈಯೆಲ್ಲ ಉರಿಯುತ್ತೆ. ಬರ್ಲಿಲ್ಲ ಅದಕ್ಕೆ. ಬರೆದಿದ್ದೂ ಅದಕ್ಕೇ."

ಅತ್ತೆ ಸೌಟು ಹಿಡಿದುಕೊಂಡೇ ನಿಂತರು. ಚಿಕ್ಕವಳು ತಲೆಯೆತ್ತಿ ನೋಡಿದಳು. ಬಯ್ಯಲಿ, ಅಳಲಿ, ಎದ್ದು ಒಂದು ಬಾರಿಸಿಯೇ ಬಿಡಲಿ ಎಂದು ದೊಡ್ಡವಳು ಕಾದಳು.

"ಹಾಗಾದ್ರೆ ಉಪಯೋಗ ಇದೆ ತಾನೇ ಅಕ್ಕಾ?" ಎಂದಳು ಚಿಕ್ಕವಳು.

"ಇದೆ."

ಚಿಕ್ಕವಳು ಚಪ್ಪಲಿಯನ್ನೂ ಮೆಟ್ಟದೆ ಕೆಳಗಿನ ಮನೆಗೆ ಓಡಿದಳು. ಮೆಟ್ಟಿಲ ಮೇಲಿನ ಅವಳ ಹೆಜ್ಜೆ ಸದ್ದು ನಿಂತು, ಕೆಳಗೆ ಬಾಗಿಲು ಬಡಿಯುವ ಸದ್ದು ಶುರುವಾಯಿತು. ದೊಡ್ಡವಳ ಹೊಟ್ಟೆ ಮತ್ತೆ ಉರಿಯಿತು, ಹಿಂದೆಂದಿಗಿಂತ ಹೆಚ್ಚಾಗಿ. ತಾನಾಗಿದ್ದರೆ ಮೊದಲು ಜಗಳ ಮುಗಿಸಿ ಆಮೇಲೆ ಹೋಗುತ್ತಿದ್ದಳು.

ಅವಳು ಫೋನು ಎತ್ತಿಕೊಂಡು ನಿರ್ದೇಶಕರಿಗೆ ಕರೆ ಮಾಡಿದಳು.

"ಸರ್, ನಮ್ಮ ಜಿಲ್ಲೆ ಬಗ್ಗೆ ಬರೆದ ಆ ವಾಕ್ಯ ತೆಗೀಬೇಕು. ಆಸ್ಪತ್ರೆಗೂ ಈಗಲೇ ತಿಳಿಸಬೇಕು."

"ಯಾಕಮ್ಮಾ? ಅಂಕಿ ಏನಾದ್ರೂ ತಪ್ಪಾಗಿದ್ಯಾ?"

"ಅಂಕಿ ಸರಿಯಾಗಿದೆ ಸರ್" ಎಂದಳು ದೊಡ್ಡವಳು. "ಬರೆದವಳು ಸರಿಯಿಲ್ಲ."