ಎರಡು ಬೆರಳು ಸಡಿಲ

ಕೊರಳಲ್ಲಿ ಟೇಪು ಇಲ್ಲದ ಟೈಲರಮ್ಮನನ್ನು ನೋಡಿದವರು ಆ ಬೀದಿಯಲ್ಲಿ ಯಾರೂ ಇಲ್ಲ. ಊಟಕ್ಕೆ ಕೂತಾಗಲೂ ಅದು ಅಲ್ಲೇ ನೇತಾಡುತ್ತಿರುತ್ತದೆ. ಬಸ್ ಡಿಪೋದ ಎದುರಿನ ಅಂಗಡಿ ಸಾಲಿನಲ್ಲಿ ಕೊನೆಯದು ಅವಳದು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಆಳುದ್ದದ ಕನ್ನಡಿ, ಅಳತೆ ಕೊಡುವವರು ನಿಲ್ಲಲು ಒಂದು ಪರದೆ. ಮೂವತ್ತು ವರ್ಷಗಳಿಂದ ಆ ಪರದೆಯ ಹಿಂದೆ ಅವಳು ಒಂದೇ ಮಾತು ಹೇಳಿಕೊಂಡು ಬಂದಿದ್ದಾಳೆ: "ಹೊಟ್ಟೆ ಒಳಗೆ ಎಳ್ಕೋಬೇಡಿ. ಉಸಿರು ಬಿಡಿ. ನನ್ನ ಹತ್ರ ಎಂಥ ನಾಚಿಕೆ?"

ಮಗಳ ಕೆಲಸ ಇದಕ್ಕೆ ತದ್ವಿರುದ್ಧ. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನವಿಡೀ "ಉಸಿರು ಹಿಡೀರಿ, ಅಲ್ಲಾಡಬೇಡಿ" ಅನ್ನುತ್ತಿರಬೇಕು. "ನಮ್ಮನೇಲಿ ಒಬ್ಬಳು ಉಸಿರು ಬಿಡಿಸ್ತಾಳೆ, ಇನ್ನೊಬ್ಬಳು ಕಟ್ಟಿಸ್ತಾಳೆ" ಎಂದು ಟೈಲರಮ್ಮನ ಗಂಡ ಬದುಕಿದ್ದಾಗ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅವನು ಹೋದ ಮೇಲೆ ಆ ನಗುವೂ ಹೋಯಿತು. ತಾಯಿ ಮಗಳು ಒಂದೇ ಸೂರಿನಡಿ ಇದ್ದರು, ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ತಿಂದರು. ಆದರೆ "ಊಟ ಆಯ್ತಾ", "ಗ್ಯಾಸ್ ಆಫ್ ಮಾಡಿದ್ಯಾ" ಬಿಟ್ಟರೆ ಬೇರೆ ಮಾತಿರಲಿಲ್ಲ. ಜಗಳವಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಜಗಳವಾಡಲಿಕ್ಕಾದರೂ ಎದುರುಬದುರು ನಿಲ್ಲಬೇಕಾಗುತ್ತದೆ.

ಅಂಥ ಮಗಳು ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಂತು, ಯಾರೋ ಗಿರಾಕಿಯ ಹಾಗೆ ಸಂಕೋಚಪಡುತ್ತಾ, "ಅಮ್ಮ, ಭಾನುವಾರ ಬಿಡುವಿದ್ಯಾ? ಮರ ಅಳೆಯೋಕೆ ಯಾರಾದ್ರೂ ಬೇಕಿತ್ತು" ಅಂದಳು. ಟೈಲರಮ್ಮನಿಗೆ ಆ ಭಾನುವಾರ ಎರಡು ಮದುವೆಯ ಬಟ್ಟೆ ಕೊಡುವುದಿತ್ತು. "ಬಿಡುವಿದೆ" ಅಂದುಬಿಟ್ಟಳು.

ಮರ ಅಂದರೆ ಡಿಪೋದ ಹಿಂದಿನ ಕಾಡು. ಕಾಡು ಎಂದು ಕರೆಯುತ್ತಿದ್ದವಳು ಮಗಳೊಬ್ಬಳೇ. ಮಿಕ್ಕವರಿಗೆ ಅದು 'ಹಿಂದಿನ ಖಾಲಿ ಜಾಗ'. ಒಡೆದ ಕಮೋಡು, ಸವೆದ ಟೈರು, ಯಾರಿಗೂ ಬೇಡವಾದ ಸೋಫಾ, ಎಲ್ಲ ಅಲ್ಲಿಗೆ ಹೋಗಿ ಬೀಳುತ್ತಿದ್ದವು. ಆದರೆ ಲಂಟಾನದ ಪೊದೆಯನ್ನು ಮೈಕೈ ತರಚಿಸಿಕೊಂಡು ದಾಟಿದರೆ ಒಳಗೆ ಬೇರೆಯೇ ಲೋಕ. ಯಾರೂ ನೆಡದೆ, ಯಾರೂ ನೀರೆರೆಯದೆ, ಈ ನೆಲದಲ್ಲೇ ಹುಟ್ಟಿ ಬೆಳೆದ ಅತ್ತಿ, ನೇರಳೆ, ಇನ್ನೂ ಹೆಸರು ಗೊತ್ತಿಲ್ಲದ ಹತ್ತಾರು ಜಾತಿ. ಅದನ್ನೆಲ್ಲ ಬೋಳಿಸಿ ವಾಹನ ನಿಲ್ಲಿಸುವ ಕಟ್ಟಡ ಕಟ್ಟಬೇಕೆಂದು ನಗರಸಭೆಯ ಯೋಜನೆ. ಅದನ್ನು ತಡೆಯಲು ಒಂದೇ ಒಂದು ದಾರಿಯಿತ್ತು. ಎದೆಯ ಎತ್ತರದಲ್ಲಿ ಅರವತ್ತು ಸೆಂಟಿಮೀಟರ್ ಸುತ್ತಳತೆ ದಾಟಿದ ಸ್ಥಳೀಯ ಮರಗಳು ಐನೂರಕ್ಕಿಂತ ಹೆಚ್ಚಿವೆ ಎಂದು ನಕ್ಷೆ ಸಮೇತ ತೋರಿಸಿದರೆ ಕಾನೂನಿನ ಪ್ರಕಾರ ಆ ಜಾಗ ಕಾಡು. ಆಮೇಲೆ ಅದನ್ನು ಮುಟ್ಟುವ ಹಾಗಿಲ್ಲ.

ಮೊದಲ ಭಾನುವಾರ ಸ್ವಯಂಸೇವಕರು ದಂಡಿಯಾಗಿ ಬಂದರು. ಟೋಪಿ ಹಾಕಿಕೊಂಡು, ಮರ ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು. ಎರಡನೆಯ ಭಾನುವಾರ ಅರ್ಧಕ್ಕರ್ಧ ಮಂದಿಗೆ ನೆಗಡಿ. ಕೊನೆಗೆ ಉಳಿದದ್ದು ಮೂವರು: ಮಗಳು, ಟೈಲರಮ್ಮ, ಮತ್ತು ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಪಕ್ಕದ ಮನೆಯವನು. ಅವನು ಮಗಳಿಗೆ ಚಿಕ್ಕಂದಿನಿಂದ ಡ್ರೈವರ್ ಮಾವ.

ಕೆಲಸ ಹಂಚಿಕೊಂಡರು. ಮಗಳು ಎಲೆ ಹೊಸಕಿ ಮೂಸಿ ಜಾತಿ ಹೇಳಿ, ಮರ ನಿಂತ ಜಾಗವನ್ನು ಫೋನಿನಲ್ಲಿ ಗುರುತು ಹಾಕುವಳು. ಮಾವ ಅಳತೆ ಬರೆದುಕೊಂಡು, ತಗಡಿನ ನಂಬರು ಬಿಲ್ಲೆ ಹೊಡೆದು, "ರೈಟ್ ರೈಟ್" ಎಂದು ಮುಂದಿನ ಮರಕ್ಕೆ ಹೊರಡಿಸುವನು. ಟೇಪು ಟೈಲರಮ್ಮನ ಕೈಯಲ್ಲಿ. ಅಂಗಡಿಯ ಟೇಪು ದೊಡ್ಡ ಮರಗಳಿಗೆ ಸಾಲದೆಂದು ಅವಳು ಎರಡು ಟೇಪು ಸೇರಿಸಿ ಹೊಲಿದಿದ್ದಳು. ಗೆರೆಗೆ ಗೆರೆ ಕೂತ ಜೋಡಣೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಕೂದಲೆಳೆಯಷ್ಟು ವ್ಯತ್ಯಾಸ ಸಿಗುತ್ತಿರಲಿಲ್ಲ.

"ಮರಕ್ಕೆ ಎದೆ ಎಲ್ಲಿರತ್ತೇ?" ಎಂದು ಅವಳು ಮೊದಲ ದಿನ ಕೇಳಿದ್ದಳು.

"ನಮ್ಮ ಎದೆ ಎಲ್ಲಿದ್ಯೋ ಅಲ್ಲೇ ಅದರದ್ದೂ ಅಂತ ಲೆಕ್ಕ, ಅಮ್ಮ."

"ಒಳ್ಳೇದಾಯ್ತು. ನನ್ನ ಗಿರಾಕಿಗಳಿಗೆ ಎಲ್ಲೆಲ್ಲೋ ಇರತ್ತೆ."

ಮಗಳು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ ಟೈಲರಮ್ಮ ಅಲ್ಲಿಯೇ ತೊಗಟೆ ಹಿಡಿದುಕೊಂಡು ನಿಂತುಬಿಟ್ಟಳು. ಅವಳಿಗೆ ಕಾಡೂ ಬೇಕಿರಲಿಲ್ಲ, ನಕ್ಷೆಯೂ ಬೇಕಿರಲಿಲ್ಲ. ಆ ನಗು ಇನ್ನೊಂದು ಸಲ ಬೇಕಿತ್ತು.

ಆಮೇಲೆ ಭಾನುವಾರಗಳು ಬಂದವು, ಹೋದವು. ಟೈಲರಮ್ಮ ಮರಗಳಿಗೆ ತನ್ನ ಗಿರಾಕಿಗಳ ಮೈಕಟ್ಟು ನೋಡಿ ಹೆಸರಿಟ್ಟಳು. ಸೊಂಟದ ಕೆಳಗೆ ಉಬ್ಬಿದ್ದು ಬ್ಯಾಂಕಿನವಳು; ಒಂದು ಭುಜ ಇಳಿದದ್ದು ಪೋಸ್ಟ್‌ಮ್ಯಾನು. ಸಂಜೆ ಇಸ್ತ್ರಿ ಮೇಜಿನ ಮೇಲೆ ನಕ್ಷೆ ಹರಡಿ ಮಗಳು ಹಸಿರು ಚುಕ್ಕೆ ಇಡುತ್ತಾ ಹೋದರೆ, ತಾಯಿ ಪಕ್ಕದಲ್ಲಿ ಗುಂಡಿ ಹೊಲಿಯುತ್ತಾ ಕೂರುವಳು. ಮಾತು ತಾನಾಗಿ ಬರತೊಡಗಿತು. ಆಸ್ಪತ್ರೆಯ ಸುದ್ದಿ, ಅಪ್ಪನ ಕೊನೆಯ ದಿನಗಳು, ಆಗ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟು ಅತ್ತದ್ದು. "ಈ ಕಾಡೊಂದು ಉಳಿದ್ರೆ ಸಾಕಮ್ಮ, ನಾನೂ ಒಂದು ಕೆಲಸ ನೆಟ್ಟಗೆ ಮಾಡಿದೆ ಅನ್ಕೋತೀನಿ" ಎಂದು ಮಗಳು ಒಮ್ಮೆ ಹೇಳಿದಳು. ಟೈಲರಮ್ಮ ಅದನ್ನು ಮನಸ್ಸಿನೊಳಗೆ ಇಟ್ಟುಕೊಂಡಳು.

ಎಣಿಕೆ ಆರುನೂರು ದಾಟಿದಾಗ ಮಾವ ಬನ್ನು ತಂದು ಹಂಚಿದ. ನಕ್ಷೆ ನಗರಸಭೆಗೆ ಹೋಯಿತು. ಹೋದಷ್ಟೇ ಬೇಗ ತಪಾಸಣೆಗೆ ಒಬ್ಬ ಅಧಿಕಾರಿ ಬಂದ.

ಬಂದವನು ಕೆಟ್ಟವನಂತೆ ಕಾಣಲಿಲ್ಲ. ಮೆತ್ತಗಿನ ದನಿ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಉಕ್ಕಿನ ಟೇಪು. ಬಿಲ್ಲೆಯ ನಂಬರು ಹೇಳಿಸಿಕೊಂಡು ಹತ್ತು ಮರ ಅಳೆದ. ಮೊದಲನೆಯದು ಪಟ್ಟಿಯಲ್ಲಿ ಬರೆದದ್ದಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ ಬಂತು. ಎರಡನೆಯದೂ ಎರಡು. ಮೂರನೆಯದೂ ಅಷ್ಟೇ. ಅವನು ಟೈಲರಮ್ಮನ ಟೇಪು ಈಸಿಕೊಂಡು ಜೋಡಣೆಯ ಜಾಗ ತಿರುಗಿಸಿ ನೋಡಿದ. ಉಕ್ಕಿನ ಟೇಪಿನ ಪಕ್ಕ ಇಟ್ಟ. ಸರಿಯಾಗಿತ್ತು.

"ನನ್ನ ಹೊಲಿಗೇಲಿ ತಪ್ಪು ಹುಡುಕ್ತೀರಾ?" ಎಂದು ಟೈಲರಮ್ಮ ಹೆಮ್ಮೆಯಿಂದಲೇ ಕೇಳಿದಳು. "ನೀವೇ ನೋಡಿ, ನಾನು ಅಳೆದು ತೋರಿಸ್ತೀನಿ." ಬ್ಯಾಂಕಿನವಳೆಂದು ಹೆಸರಿಟ್ಟ ಮರದ ಎದೆಗೆ ಟೇಪು ಸುತ್ತಿದಳು. ಎರಡೂ ತುದಿ ಕೂಡಿಸಿದಳು. ಕೂಡಿಸುವಾಗ ಅವಳ ಎಡಗೈಯ ಎರಡು ಬೆರಳು, ಯಾರೂ ಹೇಳದೆ ಕೇಳದೆ, ಟೇಪಿನ ಕೆಳಗೆ ತೂರಿಕೊಂಡವು.

ಕಸುಬು ಕಲಿಸಿದವರು ಹೇಳಿಕೊಟ್ಟ ಮೊದಲ ಪಾಠ ಅದು. ಮೈಯಳತೆ ಎಂದೂ ಬಿಗಿಯಾಗಿ ತೆಗೆಯಬಾರದು. ಎರಡು ಬೆರಳು ಸಡಿಲ ಬಿಡಬೇಕು, ಹಾಕಿಕೊಂಡವರು ಉಸಿರಾಡಬೇಕು. ಮೂವತ್ತು ವರ್ಷ ಆ ಎರಡು ಬೆರಳಿನಿಂದ ಅವಳ ಹೊಟ್ಟೆ ತುಂಬಿದೆ. ಅವಳ ಬಟ್ಟೆ ತೊಟ್ಟವರು ಯಾರೂ ಬಿಗಿ ಎಂದು ವಾಪಸು ತಂದವರಲ್ಲ. ಮರಕ್ಕೆ ಆ ಸಡಿಲ ಬೇಡವೆಂದು ಅವಳ ತಲೆಗೆ ಹೇಳಿದ್ದರೆ ಅರ್ಥವಾಗುತ್ತಿತ್ತು. ಬೆರಳಿಗೆ ಯಾರು ಹೇಳಬೇಕು?

ಅಧಿಕಾರಿ ಆಗ ಬಿಲ್ಲೆಯ ನಂಬರು ಬರೆದುಕೊಳ್ಳುತ್ತಿದ್ದ, ನೋಡಲಿಲ್ಲ. ಮಗಳು ನೋಡಿದಳು.

"ಕೈತಪ್ಪು ಆದ್ರೆ ಒಂದು ಹೆಚ್ಚು, ಒಂದು ಕಮ್ಮಿ ಇರತ್ತೆ" ಎಂದ ಅಧಿಕಾರಿ, ಅದೇ ಮೆತ್ತಗಿನ ದನಿಯಲ್ಲಿ. "ಇಲ್ಲಿ ಎಲ್ಲಾ ಹೆಚ್ಚೇ ಇದೆ. ಎಲ್ಲಾ ಅಷ್ಟಷ್ಟೇ ಹೆಚ್ಚು. ಇದನ್ನ ತಪ್ಪು ಅಂತ ಬರೆಯೋಕಾಗಲ್ಲ. ಬೇಕು ಅಂತಲೇ ಮಾಡಿದ್ದು ಅಂತ ಬರೀಬೇಕಾಗತ್ತೆ."

"ಅಷ್ಟೇ ತಾನೆ ಸಾರ್? ಎಲ್ಲದ್ರಲ್ಲೂ ಎರಡೆರಡು ಕಳೆದುಬಿಡಿ" ಎಂದ ಮಾವ.

"ಕಳೆಯೋದು ನನ್ನ ಕೆಲಸ ಅಲ್ಲ."

"ಮತ್ತೆ ಅಳೀತೀವಿ. ಒಂದು ತಿಂಗಳು ಕೊಡಿ."

"ನಕ್ಷೆ ಕೊಡೋ ಗಡುವು ಈ ವಾರಕ್ಕೆ ಮುಗೀತು. ಅಳತೆ ತೆಗೆದದ್ದು ಯಾರು?"

ಟೈಲರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಅವಳ ಮಣಿಕಟ್ಟನ್ನು ನೋಯುವ ಹಾಗೆ ಹಿಡಿದು, "ನಾನು" ಅಂದಳು. "ಎಲ್ಲಾ ನಾನೇ ಅಳೆದದ್ದು."

ಅಲ್ಲೇ 'ಅವಳಲ್ಲ, ನಾನು' ಅನ್ನಬೇಕಿತ್ತು. ಟೈಲರಮ್ಮ ಅನ್ನಲಿಲ್ಲ. ಆಗಿನ್ನೂ ಅವಳಿಗೆ ಪೂರ್ತಿ ತಿಳಿದಿರಲಿಲ್ಲ ಎನ್ನುವುದು ನಿಜ. ಮನೆಗೆ ನಡೆದು ಬರುವಾಗ ಮಗಳು ತನ್ನ ಎರಡು ಬೆರಳು ಎತ್ತಿ ತೋರಿಸಿದಳು. ಆಗ ತಿಳಿಯಿತು. ಟೈಲರಮ್ಮ ಬೀದಿಯಲ್ಲೇ ನಿಂತು ತನ್ನ ಎಡಗೈ ಎತ್ತಿ ಆ ಬೆರಳುಗಳನ್ನು ನೋಡಿಕೊಂಡಳು.

ನೋಟೀಸು ಬಂತು. 'ಸ್ವಯಂಸೇವಕರು ಉದ್ದೇಶಪೂರ್ವಕವಾಗಿ ಅಳತೆಯನ್ನು ಹಿಗ್ಗಿಸಿರುವುದು ಕಂಡುಬಂದಿದೆ' ಎಂದು ಮಗಳ ಹೆಸರು ಸಮೇತ ನಗರಸಭೆಯ ಗೋಡೆಗೆ ಅಂಟಿಸಿದರು. ಮರ ತಬ್ಬಿ ಫೋಟೋ ತೆಗೆಸಿಕೊಂಡವರು ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ಕೈ ತೊಳೆದುಕೊಂಡರು. ಆಸ್ಪತ್ರೆಯಲ್ಲಿ ಯಾರೋ, "ಎಕ್ಸ್‌ರೇಲೂ ಮೂಳೆ ಎರಡು ಸೆಂಟಿಮೀಟರ್ ಉದ್ದ ತೋರಿಸ್ತೀರಾ?" ಎಂದು ತಮಾಷೆ ಮಾಡಿದರಂತೆ. ಮಗಳು ಹೇಳಲಿಲ್ಲ, ಅಂಗಿ ಹೊಲಿಸಲು ಬಂದ ನರ್ಸು ಹೇಳಿದಳು.

ಟೈಲರಮ್ಮ ತಡೆಯಲಾರದೆ ಅಂಗಡಿ ಮುಚ್ಚಿ ನಗರಸಭೆಗೆ ಹೋದಳು. ಕೌಂಟರಿನ ಗುಮಾಸ್ತನ ಮುಂದೆ ಟೇಪು ಬಿಚ್ಚಿ, ಬೆರಳು ತೋರಿಸಿ, ಎಲ್ಲ ಹೇಳಿದಳು. "ಅಳೆದದ್ದು ನಾನು. ನನ್ನ ಮಗಳಲ್ಲ. ಇದು ಮೋಸ ಅಲ್ಲ ಸಾರ್, ಅಭ್ಯಾಸ."

ಗುಮಾಸ್ತ ತಾಳ್ಮೆಯಿಂದ ಕೇಳಿಸಿಕೊಂಡ. "ಅಳೆದದ್ದು ನಾನೇ ಅಂತ ಅವರು ಸಹಿ ಹಾಕಿದ್ದಾರೆ. ನೀವು ಹೇಳೋದು ನಿಜ ಆದ್ರೆ ಅವರು ಎರಡು ಸಲ ಸುಳ್ಳು ಹೇಳಿದ ಹಾಗಾಯ್ತು. ಬರ್ಕೊಳ್ಳಲಾ?"

"ಬೇಡ" ಅಂದಳು ಟೈಲರಮ್ಮ. ಟೇಪು ಸುತ್ತಿಕೊಂಡು ಹೊರಗೆ ಬಂದಳು.

ಗರಗಸದ ಸದ್ದು ಅಂಗಡಿಗೆ ಚೆನ್ನಾಗಿ ಕೇಳಿಸುತ್ತದೆ. ಯಂತ್ರ ತುಳಿಯುವಾಗ ಗೊತ್ತಾಗುವುದಿಲ್ಲ, ದಾರ ತುಂಡಾಗಿ ನಿಲ್ಲಿಸಿದಾಗ ಕೇಳಿಸುತ್ತದೆ. ಮರದ ಹೊಟ್ಟು ಗಾಳಿಯಲ್ಲಿ ಬಂದು ಬಿಳಿ ಬಟ್ಟೆಗಳ ಮೇಲೆ ಕೂರುತ್ತದೆ. ಟೈಲರಮ್ಮ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ, ಮತ್ತೆ ಕೂರುತ್ತದೆ. ಒಂದು ಮಧ್ಯಾಹ್ನ ಡ್ರೈವರ್ ಮಾವ ಬಂದು ಸ್ಟೂಲಿನ ಮೇಲೆ ಕೂತ. ಅವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ, ಆದರೂ ಅದಕ್ಕೆಂದೇ ಬಂದಿದ್ದ.

"ಟೈಲರಮ್ಮ, ನಿನ್ನೆ ಕೂತು ಲೆಕ್ಕ ಹಾಕಿದೆ. ಎಲ್ಲಾ ಮರಕ್ಕೂ ಎರಡೆರಡು ಕಳೆದೆ. ಕಳೆದ್ರೂ ಐನೂರ ಎಂಬತ್ತು ಉಳಿಯತ್ತೆ. ನಾವು ಸುಳ್ಳು ಹೇಳಿರ್ಲಿಲ್ಲ ನೋಡಿ."

ಟೈಲರಮ್ಮ ಯಂತ್ರದಿಂದ ಕಾಲು ತೆಗೆದಳು. ಅಂದರೆ ಆ ಬೆರಳಿನಿಂದ ಕಾಡಿಗೆ ಎಳ್ಳಷ್ಟೂ ಲಾಭವಿರಲಿಲ್ಲ. ಬೆರಳು ಹೊರಗಿದ್ದಿದ್ದರೆ ಗೆಲ್ಲುತ್ತಿದ್ದರು. "ಇದನ್ನ ಯಾಕಣ್ಣಾ ನಂಗೆ ಹೇಳಿದ್ರಿ?" ಅಂದಳು. ಅವನು ಸ್ಟೂಲನ್ನು ಗೋಡೆಗೆ ಸರಿಸಿದ. ಎದ್ದು ಹೋದ. ರೈಟ್ ರೈಟ್ ಅನ್ನಲಿಲ್ಲ.

ಮನೆಯಲ್ಲಿ ಮತ್ತೆ "ಊಟ ಆಯ್ತಾ", "ಗ್ಯಾಸ್ ಆಫ್ ಮಾಡಿದ್ಯಾ". ಮಗಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದಾದರೂ ಅತ್ತುಬಿಡುತ್ತಿದ್ದಳು ತಾಯಿ. ಮಗಳು ಊಟಕ್ಕೆ ಕೂತು ಎರಡು ತುತ್ತಿಗೇ ಎದ್ದುಬಿಡುವಳು. ದಿನದಿಂದ ದಿನಕ್ಕೆ ಅವಳ ಬಟ್ಟೆಗಳು ಹ್ಯಾಂಗರಿಗೆ ತೂಗುಹಾಕಿದಂತೆ ಜೋಲತೊಡಗಿದವು. ಬೇರೆ ಯಾರಿಗೆ ಕಾಣದಿದ್ದರೂ ಹೊಲಿದವಳ ಕಣ್ಣಿಗೆ ಕಾಣದೆ ಇರುತ್ತದೆಯೇ? ಕೊನೆಗೆ ತಾಯಿಯೇ ಅಂದಳು, "ಸಂಜೆ ಅಂಗಡಿಗೆ ಬಾ. ಆಸ್ಪತ್ರೆಗೆ ಹಾಕ್ಕೊಳೋ ಅಂಗಿ ಹೊಸದು ಹೊಲಿದು ಕೊಡ್ತೀನಿ."

ಮಗಳು ಬಂದು ಪರದೆಯ ಹಿಂದೆ ನಿಂತಳು. "ಕೈ ಎತ್ತು" ಎಂದು ಹೇಳುವ ಮೊದಲೇ ಕೈ ಎತ್ತಿದಳು. ಟೈಲರಮ್ಮ ಟೇಪನ್ನು ಬೆನ್ನ ಹಿಂದಿನಿಂದ ತಂದು ಎದೆಯ ಮುಂದೆ ಕೂಡಿಸಿದಳು. ಮರದ ಸುತ್ತ ಕೈ ಚಾಚಿದಷ್ಟು ಚಾಚಬೇಕಿರಲಿಲ್ಲ; ಟೇಪು ಬೇಗ ಕೂಡಿತು. ಅವಳ ಎರಡು ಬೆರಳು ಒಳಗೆ ಹೋಗಲಿಲ್ಲ. ಅಂಗೈಯೊಳಗೆ ಮಡಚಿಕೊಂಡು ಕೂತಿದ್ದವು.

"ಬಿಗಿ ಆಯ್ತಮ್ಮ" ಅಂದಳು ಮಗಳು.

"ಇದೇ ಸರಿಯಾದ ಅಳತೆ."

ಹೊರಗೆ ದಿಮ್ಮಿ ತುಂಬಿದ ಲಾರಿ ಹೋಯಿತು. ಕನ್ನಡಿ ಅದುರಿತು.

"ಎರಡು ಬೆರಳು ಸಡಿಲ ಬಿಡಮ್ಮ" ಎಂದು ಮಗಳು ಮೆಲ್ಲಗೆ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವಾಗ್ಲೂ ಬಿಡ್ತಿದ್ಯಲ್ಲ, ಹಾಗೇ ಬಿಡು. ಉಸಿರಾಡಬೇಕಲ್ಲ ನಾನು."

ಟೈಲರಮ್ಮನಿಗೆ ಬಿಡಬೇಕೆಂದೇ ಇತ್ತು. ಪ್ರಪಂಚದಲ್ಲಿ ಬೇರೇನೂ ಬೇಕಿರಲಿಲ್ಲ. ಆದರೆ ಆ ಬೆರಳುಗಳು ಅವಳ ಮಾತು ಕೇಳಲಿಲ್ಲ. ಎಷ್ಟು ಹೊತ್ತಾದರೂ ಮಡಚಿಕೊಂಡೇ ಇದ್ದವು. ಕೊನೆಗೆ ಅವಳು ಟೇಪಿನ ಮೇಲೆ ಕಂಡದ್ದನ್ನು ಕಂಡ ಹಾಗೆ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದುಕೊಂಡಳು, ಬರೆದ ಹಾಗೆ ಕತ್ತರಿಸಿದಳು.

ಅಂಗಿ ಬಿಗಿಯಾಯಿತು. ಮಗಳು ದಿನಾ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ.